ವಾಕ್ಯದ ಕೊನೆಯ ಅಕ್ಷರ

(ದತ್ತಿ ಉಪನ್ಯಾಸದ ಪಠ್ಯ)



ವೈದ್ಯಶಾಸ್ತ್ರಕ್ಕೆ ಸಂಬಂಧಪಟ್ಟ ವಿಷಯವನ್ನು ಸಾರ್ವಜನಿಕ ಸಭೆಯೊಂದರಲ್ಲಿ ಪ್ರಸ್ತಾಪಿಸುವವರು ಬಹುಜನರನ್ನು ಕಾಡುವ ವ್ಯಾಧಿಯನ್ನು, ಮಧುಮೇಹವನ್ನೋ ರಕ್ತದ ಒತ್ತಡವನ್ನೋ ಹೃದ್ರೋಗವನ್ನೋ, ಆರಿಸಿಕೊಳ್ಳುವುದು ವಾಡಿಕೆ. ಕೇಳುವವರಲ್ಲಿ ಅನೇಕರಿಗೆ ಅದರಿಂದ ನೇರವಾದ ಪ್ರಯೋಜನ ಉಂಟಾಗುವುದರಿಂದ ಆ ವಾಡಿಕೆ ಸಾಧುವಾದದ್ದೇ. ನಾನು ಈ ಸಂಜೆ ಆರಿಸಿಕೊಂಡಿರುವುದಾದರೋ ನಮ್ಮ ನಾಡಿನಲ್ಲಿ ವಿರಳವೆಂದು ಎಣಿಸಲ್ಪಟ್ಟಿರುವ, ಎಷ್ಟೋ ವಿದ್ಯಾವಂತರೂ ಹೆಸರನ್ನು ಸಹ ಕೇಳಿರದ ಒಂದು ನರರೋಗವನ್ನು. ವೈದ್ಯರು ಅದನ್ನು ಮಲ್ಟಿಪಲ್ ಸ್ಕ್ಲೆರೋಸಿಸ್ ಎನ್ನುತ್ತಾರೆ. ಅದನ್ನು ಅನುಭವಿಸುತ್ತಿರುವವರು ಎಂ.ಎಸ್. ಎಂದು ಎರಡಕ್ಷರದಲ್ಲಿ ಮುಗಿಸುತ್ತಾರೆ. ಮಂಗಳೂರು ನಗರದಲ್ಲಿ ನಡೆದು 2014ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರ ಪ್ರಕಾರ ಅಲ್ಲಿ ಲಕ್ಷ ಜನರಲ್ಲಿ ಸುಮಾರು 8 ಮಂದಿಗೆ ಈ ರೋಗವಿತ್ತು. ಲಕ್ಷ ಜನರ ಊರಿನಲ್ಲಿ ಎಂಟು ಮಂದಿಯ ಸಂಕಟಕ್ಕಾಗಿ ಒಂದು ಸಭೆಯನ್ನು ಮೀಸಲಿಡಬೇಕೆ ಎಂದು ಯಾರಾದರೂ ಕೇಳುವುದಾದರೆ, ಅವರಿಗೆ ನನ್ನ ಉತ್ತರವಿಷ್ಟೆ: ರೋಗ ವಿರಳವಾದಷ್ಟೂ ಸುತ್ತಲಿನವರ ತಿಳಿವಳಿಕೆಯೂ ವಿರಳವಾಗುತ್ತದೆ, ಮತ್ತು ಈ ರೋಗದ ವಿಷಯದಲ್ಲಿ ಸುತ್ತಲಿನವರ ತಿಳಿವಳಿಕೆಯೆಂಬುದು ಔಷಧದಷ್ಟೇ ಮುಖ್ಯವಾದದ್ದು. ಜಗತ್ತಿನಲ್ಲಿ 28 ಲಕ್ಷಕ್ಕೂ ಮಿಗಿಲಾದ ಜನರಿಗೆ ಇದು ಇದೆಯೆಂದು 2020ರ ಅಂತಾರಾಷ್ಟ್ರೀಯ ಲೆಕ್ಕವೊಂದು ತೋರಿಸಿತು. ಬಹುಮಟ್ಟಿಗೆ ಇಪ್ಪತ್ತರಿಂದ ನಲವತ್ತರ ನಡುವಣ ಪ್ರಾಯದಲ್ಲಿ, ಎಂದರೆ ಓದು ಮುಗಿದು ಉದ್ಯೋಗ, ಮದುವೆ, ಮಕ್ಕಳು ಎಂಬ ಸಂಸಾರದ ಭಾರಗಳೆಲ್ಲ ಒಂದೊಂದಾಗಿ ಹೆಗಲೇರುವ ಕಾಲದಲ್ಲಿ ಇದು ತಲೆದೋರುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಾಲು ಹೆಚ್ಚಾಗಿ ಕಾಣಿಸುತ್ತದೆ.

ಈ ವ್ಯಾಧಿಯ ಸಮಗ್ರ ವರ್ಣನೆ ನನ್ನ ಉದ್ದೇಶವಲ್ಲ; ಅದು ನರರೋಗತಜ್ಞರ ಕ್ಷೇತ್ರ. ವಾಕ್ಚಿಕಿತ್ಸೆಯ ವೃತ್ತಿಯಲ್ಲಿ ಆಯುಷ್ಯದ ಬಹುಭಾಗವನ್ನು ಕಳೆದವಳಾದ ನಾನು ಈ ರೋಗವನ್ನು ಕಂಡದ್ದಕ್ಕಿಂತ ಕೇಳಿದ್ದೇ ಹೆಚ್ಚು. ಕಾಲಿನ ಬಲ, ಕಣ್ಣಿನ ದೃಷ್ಟಿ, ಮೂತ್ರದ ಹಿಡಿತ ಇವುಗಳ ಮಾತನ್ನು ವೈದ್ಯರು ಎತ್ತುತ್ತಾರೆ, ಮನೆಯವರೂ ಎತ್ತುತ್ತಾರೆ. ಧ್ವನಿಯ ಮಾತನ್ನು ಮಾತ್ರ ಯಾರೂ ಎತ್ತುವುದಿಲ್ಲ. ಅದನ್ನು ಎತ್ತಬೇಕಾದ ವ್ಯಕ್ತಿಯ ಧ್ವನಿಯೇ ಕುಗ್ಗಿರುವುದು ಇದಕ್ಕೆ ಒಂದು ಕಾರಣವಾಗಿರಬಹುದು.

ಮೊದಲು ರೋಗದ ಸ್ವರೂಪವನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಮೆದುಳು ಮತ್ತು ಬೆನ್ನುಹುರಿಗಳೊಳಗಿನ ನರತಂತುಗಳಲ್ಲಿ ಬಹಳಷ್ಟನ್ನು ಮಯಲಿನ್ ಎಂಬ ಮೇದಸ್ಸಿನ ಪದರ ಸುತ್ತಿಕೊಂಡಿರುತ್ತದೆ. ಆ ಪದರದಲ್ಲಿ ಅಲ್ಲಲ್ಲಿ ಕಿರಿದಾದ ತೆರಪುಗಳಿದ್ದು, ನರಸಂದೇಶವು ಒಂದು ತೆರಪಿನಿಂದ ಮತ್ತೊಂದಕ್ಕೆ ನೆಗೆಯುತ್ತ ಸಾಗುವುದರಿಂದ, ಅತಿ ಶೀಘ್ರವಾದ ತಂತುಗಳಲ್ಲಿ ಅದರ ವೇಗ ಸೆಕೆಂಡಿಗೆ 100 ಮೀಟರಿನ ಸಮೀಪಕ್ಕೆ ಹೋಗುತ್ತದೆ. ಪದರವಿಲ್ಲದ ಸಣ್ಣ ತಂತುಗಳಲ್ಲಿ ಅದು ಒಂದೆರಡು ಮೀಟರನ್ನು ದಾಟುವುದಿಲ್ಲ. ನಮ್ಮ ದೇಹವನ್ನು ಹೊರಗಿನ ಸೋಂಕಿನಿಂದ ಕಾಪಾಡಬೇಕಾದ ರೋಗನಿರೋಧಕ ಕಣಗಳೇ ಈ ಪದರವನ್ನು ಪರಕೀಯವೆಂದು ಭಾವಿಸಿ ಅಲ್ಲಲ್ಲಿ ಕಡಿದುಹಾಕುವುದು, ಕಡಿದೆಡೆಯಲ್ಲಿ ಗಡುಸಾದ ಕಲೆ ನಿಲ್ಲುವುದು, ಅಲ್ಲಿ ಸಂದೇಶ ನಿಧಾನವಾಗುವುದು ಇಲ್ಲವೆ ನಿಂತೇಹೋಗುವುದು, ಇದೇ ಎಂ.ಎಸ್. ಏಕೆ ಹೀಗಾಗುತ್ತದೆಂಬುದು ಇನ್ನೂ ಪೂರ್ಣವಾಗಿ ಬಿಡಿಸಿದ ಒಗಟಲ್ಲ. ಅಮೆರಿಕದ ಒಂದು ಕೋಟಿಗೂ ಮಿಗಿಲಾದ ಸೈನಿಕರ ದಾಖಲೆಗಳನ್ನು ಆಧರಿಸಿ 2022ರಲ್ಲಿ ಪ್ರಕಟವಾದ ಅಧ್ಯಯನವೊಂದು, ಎಪ್‌ಸ್ಟೈನ್-ಬಾರ್ ಎಂಬ ಸರ್ವಸಾಮಾನ್ಯವಾದ ವೈರಸ್ಸಿನ ಸೋಂಕಾದ ಬಳಿಕ ಈ ರೋಗದ ಸಂಭವ 32 ಪಾಲು ಹೆಚ್ಚುವುದೆಂದು ಕಂಡುಕೊಂಡಿತು. ಆದರೆ ಆ ವೈರಸ್ಸು ಲೋಕದ ಬಹುತೇಕ ಎಲ್ಲರ ಮೈಯಲ್ಲಿಯೂ ಹೊಕ್ಕಿರತಕ್ಕದ್ದು. ಕೋಟಿ ಜನರಲ್ಲಿ ಕೆಲವರಿಗೆ ಮಾತ್ರ ಈ ಗತಿ ಏಕೆ ಎಂಬ ಪ್ರಶ್ನೆ ಉಳಿದೇ ಇದೆ.

ಇದರಿಂದ ಒಂದು ಸಂಗತಿ ಸಿದ್ಧವಾಗುತ್ತದೆ. ಕಲೆ ಎಲ್ಲಿ ಬಿದ್ದಿತೋ ಕೊರತೆ ಅಲ್ಲಿಯದು. ಕಣ್ಣಿನ ನರದಲ್ಲಿ ಬಿದ್ದರೆ ದೃಷ್ಟಿ ಮಸುಕಾಗುತ್ತದೆ. ಬೆನ್ನುಹುರಿಯಲ್ಲಿ ಬಿದ್ದರೆ ಕಾಲು ಸೋಲುತ್ತದೆ. ಮೆದುಳಿನ ಕಾಂಡದಲ್ಲಿ, ಕಿರುಮೆದುಳಿನಲ್ಲಿ, ಅಥವಾ ಮೇಲಿನಿಂದ ನಾಲಗೆ ತುಟಿ ಗಂಟಲುಗಳಿಗೆ ಇಳಿದುಬರುವ ದಾರಿಗಳಲ್ಲಿ ಬಿದ್ದರೆ ಮಾತು ಕೆಡುತ್ತದೆ. ಇಬ್ಬರು ರೋಗಿಗಳು ಒಂದೇ ಬಗೆಯಾಗಿ ಇರುವುದಿಲ್ಲವೆಂಬುದಕ್ಕೂ, ಒಬ್ಬರ ಅನುಭವವನ್ನು ಮತ್ತೊಬ್ಬರ ಭವಿಷ್ಯವೆಂದು ಹೇಳಿ ಹೆದರಿಸಕೂಡದೆಂಬುದಕ್ಕೂ ಕಾರಣ ಇದೇ.

ಈ ರೋಗದಲ್ಲಿ ಮಾತು ಹೇಗೆ ಕೆಡುತ್ತದೆಂಬುದನ್ನು ಮೊತ್ತಮೊದಲು ಶಾಸ್ತ್ರೀಯವಾಗಿ ಆಲಿಸಿ ವರ್ಣಿಸಿದ ಕೀರ್ತಿ ಪ್ಯಾರಿಸಿನ ಸಾಲ್ಪೆಟ್ರಿಯೇರ್ ಆಸ್ಪತ್ರೆಯ ಝಾನ್ ಮಾರ್ಟಿನ್ ಶಾರ್ಕೋ ಮಹಾಶಯನದು. ಅಲ್ಲಿ ವರ್ಷಗಟ್ಟಲೆ ಮಲಗಿದ್ದ ನಿರ್ಗತಿಕ ಸ್ತ್ರೀಯರನ್ನು ಬದುಕಿರುವಾಗ ಪರೀಕ್ಷಿಸಿ, ತೀರಿಹೋದ ಮೇಲೆ ಅವರ ಮೆದುಳನ್ನು ಸೂಕ್ಷ್ಮದರ್ಶಕದಡಿ ನೋಡಿ, ಎರಡನ್ನೂ ಜೋಡಿಸಿ ಅವನು 1868ರಲ್ಲಿ ಈ ವ್ಯಾಧಿಗೆ ಒಂದು ಪ್ರತ್ಯೇಕ ಅಸ್ತಿತ್ವವನ್ನು ಕೊಟ್ಟನು. ಕಣ್ಣುಗುಡ್ಡೆಗಳ ಅದುರುವಿಕೆ, ಕೈಯನ್ನು ಒಂದು ವಸ್ತುವಿನತ್ತ ಚಾಚಿದಾಗ ಬರುವ ನಡುಕ, ಮತ್ತು ಒಂದೊಂದು ಅಕ್ಷರವನ್ನೂ ಬೇರೆಬೇರೆಯಾಗಿ, ನಡುವೆ ತಡೆದು ತಡೆದು, ಸಮನಾದ ಒತ್ತಿನಿಂದ ಆಡುವ ಮಾತು, ಈ ಮೂರೂ ಕೂಡಿದ್ದರೆ ರೋಗವನ್ನು ಗುರುತಿಸಬಹುದೆಂದು ವೈದ್ಯವಿದ್ಯಾರ್ಥಿಗಳು ಅಂದಿನಿಂದ ಬಾಯಿಪಾಠ ಮಾಡುತ್ತ ಬಂದಿದ್ದಾರೆ. ಛಂದಸ್ಸನ್ನು ಕಲಿಯುವ ಹುಡುಗ ಷಟ್ಪದಿಯ ಸಾಲನ್ನು ಅರ್ಥದ ಕಡೆ ಗಮನವಿಲ್ಲದೆ ಗಣಗಣವಾಗಿ ಕಡಿದು ಓದುವುದನ್ನು ಕೇಳಿದವರಿಗೆ ಆ ಮಾತಿನ ನಡೆ ಹೇಗಿರುವುದೆಂದು ಊಹಿಸುವುದು ಕಷ್ಟವಲ್ಲ.

ಆದರೆ ಶಾರ್ಕೋ ನೋಡಿದ್ದು ರೋಗ ಬಹಳ ಮುಂದುವರಿದವರನ್ನು. ಒಂದು ಶತಮಾನದ ತರುವಾಯ, 1972ರಲ್ಲಿ, ಅಮೆರಿಕದ ಮೇಯೋ ಕ್ಲಿನಿಕ್ಕಿನ ಡಾರ್ಲಿ ಮತ್ತು ಅವರ ಸಂಗಡಿಗರು ಈ ರೋಗವಿದ್ದ 168 ಜನರ ಮಾತನ್ನು ಒಬ್ಬೊಬ್ಬರದಾಗಿ ಆಲಿಸಿ ತೂಗಿ ನೋಡಿದರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ಮಾತು ಒಟ್ಟಿನಲ್ಲಿ ಸಹಜವಾಗಿಯೇ ಇತ್ತು. ಸುಮಾರು ನೂರಕ್ಕೆ 41ರಷ್ಟು ಜನರಲ್ಲಿ ಮಾತು ಕೆಟ್ಟಿತ್ತು. ಕೆಟ್ಟಿದ್ದವರಲ್ಲಿಯೂ ಪುಸ್ತಕಗಳಲ್ಲಿ ಪ್ರಸಿದ್ಧವಾದ ಆ ಕಡಿದು ಕಡಿದು ಆಡುವ ಮಾತು ಅಷ್ಟು ಸಾಮಾನ್ಯವಾಗಿರಲಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ ಕಂಡುಬಂದದ್ದು ದನಿಯ ಏರಿಳಿತದ ಮೇಲೆ ಹಿಡಿತ ತಪ್ಪುವುದು, ಮತ್ತು ಅದರ ಬೆನ್ನಿಗೇ ದನಿ ಒರಟಾಗುವುದು. ನನ್ನ ವೃತ್ತಿಯ ಅನುಭವ ಈ ಮಾತನ್ನು ಪೂರ್ಣವಾಗಿ ಸಮರ್ಥಿಸುತ್ತದೆ. ಪಾಠಪುಸ್ತಕದ ಲಕ್ಷಣವನ್ನೇ ಎದುರುನೋಡುತ್ತ ಕುಳಿತವರಿಗೆ, ದನಿ ಸುಮ್ಮನೆ ಸಣ್ಣದಾಗುತ್ತ ಬರುವುದು ಲಕ್ಷಣವೆಂದೇ ತೋರುವುದಿಲ್ಲ.

ಧ್ವನಿಯೆಂಬುದು ಶ್ವಾಸದ ಸೃಷ್ಟಿ. ಶ್ವಾಸಕೋಶದಿಂದ ಒತ್ತಡದೊಡನೆ ಮೇಲೇರಿದ ಗಾಳಿ ಗಂಟಲಿನ ಎರಡು ಸ್ವರತಂತುಗಳನ್ನು, ಗಂಡಸರಲ್ಲಿ ಸೆಕೆಂಡಿಗೆ ನೂರಕ್ಕೂ ಹೆಂಗಸರಲ್ಲಿ ಇನ್ನೂರಕ್ಕೂ ಆಚೀಚೆಯಾಗಿ ಕಂಪಿಸುವಂತೆ ಮಾಡಿ ನಾದವಾಗುತ್ತದೆ; ಆ ನಾದವನ್ನು ನಾಲಗೆ, ತುಟಿ, ಅಂಗುಳಗಳು ಅಕ್ಷರವಾಗಿ ತಿದ್ದುತ್ತವೆ. ಎದೆ ಹೊಟ್ಟೆಗಳ ಸ್ನಾಯುಗಳು, ಗಂಟಲಿನ ಸ್ನಾಯುಗಳು, ಬಾಯಿಯ ಸ್ನಾಯುಗಳು ಇವೆಲ್ಲವೂ ಒಂದೇ ಕ್ಷಣದಲ್ಲಿ ಮೇಳವಿಸಿದರೆ ಮಾತ್ರ ಒಂದು ಶಬ್ದ ಹುಟ್ಟುತ್ತದೆ. ಎಂ.ಎಸ್. ಇರುವವರ ಗಂಟಲಿನೊಳಗೆ ದರ್ಪಣವಿಟ್ಟು ನೋಡಿದರೆ ಸ್ವರತಂತುಗಳು ಸಾಮಾನ್ಯವಾಗಿ ನಿರ್ದುಷ್ಟವಾಗಿಯೇ ಇರುತ್ತವೆ. ಕೆಟ್ಟಿರುವುದು ಅಂಗವಲ್ಲ, ಅಂಗಗಳಿಗೆ ಬರಬೇಕಾದ ಆಜ್ಞೆಯ ಕಾಲ ಮತ್ತು ಪ್ರಮಾಣ. ಆದಕಾರಣ, ಗಂಟಲಿನಲ್ಲಿ ಏನೂ ಇಲ್ಲವೆಂದು ಹೇಳಿಸಿಕೊಂಡು, ಹಾಗಾದರೆ ಇದು ಮನಸ್ಸಿನ ದೌರ್ಬಲ್ಯವೇ ಇರಬೇಕೆಂದು ತಮ್ಮನ್ನು ತಾವೇ ಶಂಕಿಸುತ್ತ ನನ್ನ ಕೋಣೆಗೆ ಬಂದವರು ಕೆಲವರುಂಟು. ದೀರ್ಘವಾಗಿ ಉಸಿರೆಳೆದುಕೊಂಡು ‘ಆ’ ಎಂಬ ಸ್ವರವನ್ನು ಎಷ್ಟು ಹೊತ್ತು ಹಿಡಿಯಬಲ್ಲರೆಂದು ನೋಡುವುದು ನಮ್ಮ ಮೊದಲ ಪರೀಕ್ಷೆ. ಆರೋಗ್ಯವಂತರು ಹದಿನೈದು ಇಪ್ಪತ್ತು ಸೆಕೆಂಡು ಸಲೀಸಾಗಿ ಹಿಡಿಯುವಲ್ಲಿ ಇವರಲ್ಲಿ ಎಷ್ಟೋ ಮಂದಿ ಐದಾರು ಸೆಕೆಂಡಿಗೆ ನಿಲ್ಲಿಸುತ್ತಾರೆ. ಆ ಐದಾರು ಸೆಕೆಂಡಿನಲ್ಲಿಯೂ ದನಿ ಒಮ್ಮೆ ಉಬ್ಬಿ ಒಮ್ಮೆ ಕುಸಿಯುತ್ತದೆ.

ಇಲ್ಲಿ ಕನ್ನಡದ ಒಂದು ವಿಶೇಷವನ್ನು ಸಭಿಕರು ಗಮನಿಸಬೇಕೆಂದು ಪ್ರಾರ್ಥಿಸುತ್ತೇನೆ. ಪಾಶ್ಚಾತ್ಯ ಗ್ರಂಥಗಳಿಂದ ಚಿಕಿತ್ಸೆಯನ್ನು ಕಲಿತು ಬಂದ ನಮ್ಮ ತರುಣರಿಗೆ ಇದು ಬಹುಕಾಲ ಹೊಳೆಯುವುದಿಲ್ಲ. ಶ್ವಾಸದ ಬಲ ಕುಗ್ಗಿದಾಗ ದನಿ ಆರಂಭದಲ್ಲಿ ಸರಿಯಾಗಿದ್ದು ವಾಕ್ಯದ ಕೊನೆಯಲ್ಲಿ ಅಡಗುತ್ತದೆ. ಕನ್ನಡ ವಾಕ್ಯದಲ್ಲಿ ಸಾರವೆಲ್ಲ ಇರುವುದೂ ಆ ಕೊನೆಯಲ್ಲೇ. ಕ್ರಿಯಾಪದ ಕಡೆಗೆ ಬರುತ್ತದೆ. ಆ ಕ್ರಿಯಾಪದದ ಕಡೆಯ ಅಕ್ಷರಗಳಲ್ಲಿ ಕಾಲವೂ, ಮಾಡಿದವರು ಯಾರೆಂಬುದೂ, ಆಯಿತೇ ಇಲ್ಲವೇ ಎಂಬುದೂ, ಎದುರಿಗಿರುವವರು ಹಿರಿಯರೋ ಕಿರಿಯರೋ ಎಂಬುದೂ ಅಡಕವಾಗಿರುತ್ತವೆ. ‘ಮಾತ್ರೆ ತೊಗೊಂಡಿದ್ದೀನಿ’ ಎಂದರೂ ‘ಮಾತ್ರೆ ತೊಗೊಂಡಿಲ್ಲ’ ಎಂದರೂ ಕೊನೆಯ ಒಂದೆರಡು ಅಕ್ಷರಗಳವರೆಗೆ ಎರಡೂ ಒಂದೇ. ಆ ಒಂದೆರಡು ಅಕ್ಷರ ಗಾಳಿಯಲ್ಲಿ ಕರಗಿದರೆ ಕೇಳಿದವರು ತಮಗೆ ತೋಚಿದ್ದನ್ನು ತುಂಬಿಕೊಳ್ಳುತ್ತಾರೆ. ಔಷಧದ ವಿಷಯದಲ್ಲಿ ಅದು ಅಪಾಯಕರವೂ ಆಗಬಹುದು. ಮನೆಗೆ ಬಂದ ಹಿರಿಯರಿಗೆ ಸೊಸೆ ‘ಕೂತ್ಕೊಳ್ಳಿ’ ಎಂದದ್ದು ಕೊನೆ ಕೇಳಿಸದೆ ‘ಕೂತ್ಕೊ’ ಎಂದು ಕಿವಿಗೆ ಬಿದ್ದರೆ, ಆ ಹೆಣ್ಣುಮಗಳ ನರದಲ್ಲಿರುವ ಕಲೆ ಅವಳ ನಡತೆಯಲ್ಲಿರುವ ಕಲೆಯಾಗಿ ಊರೆಲ್ಲ ಸುತ್ತುತ್ತದೆ. ಇದಲ್ಲದೆ, ಅಕ್ಷರಗಳೆಲ್ಲ ಒಂದೇ ಅಳತೆಗೆ ಎಳೆದುಹೋಗುವ ಬಗೆಯ ಮಾತಿನಲ್ಲಿ ಹ್ರಸ್ವದೀರ್ಘಗಳ ಅಂತರವೂ ಒತ್ತಕ್ಷರದ ಬಿಗಿಯೂ ಸಡಿಲವಾಗುತ್ತವೆ; ಬಳೆಗೂ ಬಾಳೆಗೂ, ಕತೆಗೂ ಕತ್ತೆಗೂ ಇರುವ ಭೇದವನ್ನು ಕೇಳುವವರು ಸಂದರ್ಭದಿಂದ ಊಹಿಸಬೇಕಾಗುತ್ತದೆ. ನಾಲಗೆಯನ್ನು ಮಡಿಚಿ ಅಂಗುಳಕ್ಕೆ ತಾಗಿಸಬೇಕಾದ ಳಕಾರ ಣಕಾರಗಳ ಶ್ರಮವಂತೂ ಬೇರೆಯೇ.

ಪ್ರೌಢಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತಿದ್ದ ಉಪಾಧ್ಯಾಯಿನಿಯೊಬ್ಬರು, ಹೆಸರೂ ಊರೂ ಇಲ್ಲಿ ಅನಗತ್ಯ, ನನಗೆ ಈ ವಿಷಯದಲ್ಲಿ ಗುರುವಾದರು. ಅವರಿಗೆ ಮೊದಲು ಕಣ್ಣು ಮಂಜಾಗಿ ಕೆಲವು ವಾರದಲ್ಲಿ ತಿಳಿಯಾಯಿತು. ಅನಂತರ ಎಡಗಾಲು ಜೋಮು ಹಿಡಿದಂತಾಗಿ ಅದೂ ಬಹುಮಟ್ಟಿಗೆ ಸರಿಹೋಯಿತು. ಮೂರನೆಯ ಸಲ ಬಂದದ್ದು ದನಿಗೆ. ಅವರಿಗೆ ಅದು ತಿಳಿದದ್ದು ಪಾಠ ಹೇಳುವಾಗಲಲ್ಲ, ಹಾಜರಿ ಕರೆಯುವಾಗ. ಪಾಠದಲ್ಲಿ ಬೇಕಾದಲ್ಲಿ ನಿಲ್ಲಬಹುದು, ಹಲಗೆಯ ಕಡೆ ತಿರುಗಬಹುದು, ಒಬ್ಬ ಹುಡುಗನಿಂದ ಓದಿಸಬಹುದು. ಹಾಜರಿಯಲ್ಲಿ ಹೆಸರಾದ ಮೇಲೆ ಹೆಸರು, ಬಿಡುವಿಲ್ಲದೆ ಕೊನೆಯ ಬೆಂಚಿನವರೆಗೂ ಮುಟ್ಟುವಂತೆ ಕರೆಯಬೇಕು. ಹತ್ತು ಹದಿನೈದು ಹೆಸರು ದಾಟುವ ಹೊತ್ತಿಗೆ ದನಿ ಒಣಗಿದಂತಾಗಿ, ಹಿಂದಿನಿಂದ ‘ಮಿಸ್, ಕೇಳಿಸ್ಲಿಲ್ಲ ಮಿಸ್’ ಎಂಬ ಕೂಗು ಹೊರಡುತ್ತಿತ್ತು. ಅವರು ಹಾಜರಿ ಪುಸ್ತಕವನ್ನು ತರಗತಿಯ ಲೀಡರನ ಕೈಗೆ ಕೊಟ್ಟರು. ಅದನ್ನು ಕಂಡ ಮೇಲಿನವರು ಕೆಲಸದಲ್ಲಿ ಆಸಕ್ತಿ ಸಾಲದೆಂದು ಬರೆದರು.

ಮನೆಯ ಸಂಗತಿ ಇದಕ್ಕಿಂತ ಸೂಕ್ಷ್ಮವಾದದ್ದು. ನಡುಮನೆಯಲ್ಲಿ ಮೇಜಿನ ಮುಂದೆ ಉತ್ತರಪತ್ರಿಕೆ ತಿದ್ದುತ್ತ ಕುಳಿತಿದ್ದ ಅವರಿಗೆ ಅಡಿಗೆಮನೆಯ ಒಲೆಯ ಮೇಲಿನ ಹಾಲು ಏರುತ್ತಿರುವುದು ಕಾಣಿಸುತ್ತದೆ. ಕಾಲಿನ ಸ್ಥಿತಿಯಿಂದ ಥಟ್ಟನೆ ಎದ್ದು ಹೋಗಲಾರರು. ಹಿತ್ತಲಲ್ಲಿರುವ ಅತ್ತೆಯವರನ್ನು ಕೂಗಬೇಕು. ಉಸಿರನ್ನು ಕೂಡಿಸಿಕೊಂಡು ‘ಅತ್ತೆ, ಹಾಲು’ ಎನ್ನುವಷ್ಟರಲ್ಲಿ, ಅತ್ತೆಯವರು ಒಳಗೆ ಬಂದು ‘ಏನಮ್ಮ ಅಂದೆ?’ ಎನ್ನುವಷ್ಟರಲ್ಲಿ, ಹಾಲು ಉಕ್ಕಿ ಒಲೆ ಆರಿರುತ್ತದೆ. ‘ನೋಡ್ತಾ ಕೂತಿದ್ಯಲ್ಲ, ಒಂದು ಮಾತು ಕೂಗಬಾರದಿತ್ತೆ?’ ಎಂದು ಆ ವೃದ್ಧೆ ಸಹಜವಾಗಿಯೇ ಕೇಳುತ್ತಾರೆ. ಅವರು ಕಠಿಣ ಹೃದಯದವರಲ್ಲ. ಮಾತನಾಡಬಲ್ಲ ಸೊಸೆ ಕೂಗಲಾರಳೆಂಬುದು ಅವರ ತರ್ಕಕ್ಕೆ ನಿಲುಕುವುದಿಲ್ಲ. ಮಾತು ಬೇರೆ, ಕೂಗು ಬೇರೆ. ಎರಡಕ್ಕೂ ಬೇಕಾದ ಶ್ವಾಸದ ಪ್ರಮಾಣ ಬೇರೆ. ಹತ್ತಿರ ಕುಳಿತವರೊಡನೆ ಅರ್ಧ ಗಂಟೆ ಹರಟಬಲ್ಲವರು ಒಂದು ಕೋಣೆಯಾಚೆಗೆ ಒಂದು ಶಬ್ದವನ್ನು ಎಸೆಯಲಾರರು. ನಮ್ಮ ಮನೆಗಳ ದಿನಚರಿಯಾದರೋ ಬಹುಪಾಲು ನಡೆಯುವುದು ಕೋಣೆಯಿಂದ ಕೋಣೆಗೆ ಎಸೆದ ಶಬ್ದಗಳಿಂದಲೇ.

ಹೊರಗಿನ ಲೋಕದಲ್ಲಿ ಗದ್ದಲವೇ ವೈರಿ. ಬಸ್ಸಿನಲ್ಲಿ ನಿರ್ವಾಹಕನಿಗೆ ಇಳಿಯುವ ನಿಲ್ದಾಣದ ಹೆಸರು, ಸಂತೆಯಲ್ಲಿ ತರಕಾರಿಯವಳಿಗೆ ಅರ್ಧ ಕಿಲೋ ಎಂಬ ಲೆಕ್ಕ, ಬ್ಯಾಂಕಿನಲ್ಲಿ ಗಾಜಿನ ಹಿಂದಿರುವವರಿಗೆ ತಮ್ಮ ಖಾತೆಯ ಸಂಖ್ಯೆ, ಇವುಗಳನ್ನು ಮೂರು ಮೂರು ಸಲ ಹೇಳಿ ಸೋತು, ಕೊನೆಗೆ ಚೀಟಿಯಲ್ಲಿ ಬರೆದುಕೊಂಡು ಹೋಗುವವರನ್ನು ನಾನು ಬಲ್ಲೆ. ದೂರವಾಣಿಯಲ್ಲಿ ಮುಖ ಕಾಣಿಸದು, ತುಟಿಯ ಚಲನೆ ಕಾಣಿಸದು. ಅತ್ತ ಕಡೆಯವರು ‘ಹಲೋ, ಹಲೋ’ ಎಂದು ಎರಡು ಸಲ ಕೂಗಿ ಇಟ್ಟುಬಿಡುತ್ತಾರೆ. ಎಲ್ಲಕ್ಕಿಂತ ನೋವಿನ ಸಂಗತಿ ಮತ್ತೊಂದುಂಟು. ಮಾತು ತೊದಲಿ ನಡಿಗೆ ತೂರಾಡುವವನನ್ನು ಕಂಡ ಜನ ಅವನು ಕುಡಿದಿದ್ದಾನೆಂದು ತೀರ್ಮಾನಿಸುತ್ತಾರೆ. ಜೀವಮಾನದಲ್ಲಿ ಮದ್ಯವನ್ನು ಮುಟ್ಟದ ಗೃಹಸ್ಥನೊಬ್ಬ ಹಗಲು ಹೊತ್ತಿನಲ್ಲಿ ಬೀದಿಯಲ್ಲಿ ಈ ಮಾತನ್ನು ಕೇಳಿಸಿಕೊಂಡ ಮೇಲೆ ಮನೆಯಿಂದ ಹೊರಡುವುದನ್ನೇ ಬಿಟ್ಟುಬಿಟ್ಟರೆ ಅದರಲ್ಲಿ ಆಶ್ಚರ್ಯವೇನಿದೆ?

ಬಳಲಿಕೆಯ ಮಾತನ್ನು ಪ್ರತ್ಯೇಕವಾಗಿ ಹೇಳಬೇಕು. ಈ ರೋಗವಿರುವವರಲ್ಲಿ ಹೆಚ್ಚುಕಡಮೆ ಐವರಲ್ಲಿ ನಾಲ್ವರನ್ನು ಕಾಡುವ ಆ ಬಳಲಿಕೆ, ದುಡಿದ ಮೈಗೆ ಬರುವ ಆಯಾಸದ ಜಾತಿಯದಲ್ಲ. ರಾತ್ರಿಯೆಲ್ಲ ನಿದ್ರಿಸಿ ಎದ್ದವರನ್ನೂ ಮಧ್ಯಾಹ್ನದ ಹೊತ್ತಿಗೆ ನೆಲಕ್ಕೆ ಒತ್ತುವಂಥದು. ಬೆಳಗ್ಗೆ ಹತ್ತು ಗಂಟೆಗೆ ಸ್ಪಷ್ಟವಾಗಿದ್ದ ಮಾತು ಸಂಜೆ ಐದಕ್ಕೆ ಮಸುಕಾಗುವುದುಂಟು. ಬೆಳಗ್ಗೆ ನೋಡಿದವರು ಸಂಜೆಯ ಮಾತನ್ನು ನಟನೆಯೆಂದೂ, ಸಂಜೆ ನೋಡಿದವರು ಬೆಳಗಿನ ಮಾತನ್ನು ಪವಾಡವೆಂದೂ ಬಗೆಯುತ್ತಾರೆ. ಬಿಸಿಯೂ ಹಾಗೆಯೇ. ಜರ್ಮನಿಯ ನೇತ್ರವೈದ್ಯ ವಿಲ್ಹೆಲ್ಮ್ ಉಟ್‌ಹಾಫ್ 1890ರಲ್ಲಿ, ದೇಹಶ್ರಮವಾದಾಗ ಈ ರೋಗಿಗಳ ದೃಷ್ಟಿ ತಾತ್ಕಾಲಿಕವಾಗಿ ಮಂಕಾಗುವುದನ್ನು ಗುರುತಿಸಿದನು. ಪದರ ಹರಿದ ನರತಂತುವಿನಲ್ಲಿ ಮೈಯ ಶಾಖ ಅರ್ಧ ಡಿಗ್ರಿ ಏರಿದರೂ ಸಂದೇಶ ತಡೆದು ನಿಲ್ಲಬಹುದೆಂದು ಮುಂದೆ ತಿಳಿದುಬಂದಿತು. ಹಿಂದೆ ವೈದ್ಯರು ರೋಗಿಯನ್ನು ಬಿಸಿನೀರಿನ ತೊಟ್ಟಿಯಲ್ಲಿ ಕೂರಿಸಿ ರೋಗವನ್ನು ಗೊತ್ತುಮಾಡುತ್ತಿದ್ದುದೂ ಉಂಟು. ರಾಯಚೂರು ಕಲಬುರಗಿಗಳ ವೈಶಾಖದ ಬಿಸಿಲಿನಲ್ಲಿ, ಗಾಳಿಯಾಡದ ಅಡಿಗೆಮನೆಯ ಒಲೆಯ ಮುಂದೆ, ಹಬ್ಬದ ದಿನ ಹಂಡೆಯ ಸುಡುನೀರಿನಲ್ಲಿ ಎಣ್ಣೆಸ್ನಾನ ಮಾಡಿ ಎದ್ದ ಮೇಲೆ, ದನಿ ಒಂದು ಗಳಿಗೆ ಪೂರ್ತಿ ಅಡಗಿಹೋದರೆ ರೋಗ ಉಲ್ಬಣಿಸಿತೆಂದು ಮನೆಮಂದಿ ಗಾಬರಿಯಾಗುತ್ತಾರೆ. ಮೈ ತಣಿದರೆ ದನಿಯೂ ಮರಳುತ್ತದೆ. ಹೊಸ ಗಾಯವೇನೂ ಆಗಿರುವುದಿಲ್ಲ. ಈ ಒಂದು ಸಂಗತಿಯನ್ನು ಮೊದಲೇ ತಿಳಿಸಿದ್ದರೆ ಎಷ್ಟೋ ಮನೆಗಳಲ್ಲಿ ಹಬ್ಬದ ದಿನದ ಅಳು ತಪ್ಪುತ್ತಿತ್ತು.

ನುಂಗುವ ಕಷ್ಟವೂ ಮಾತಿನ ಕಷ್ಟದ ನೆರೆಯಲ್ಲೇ ಇರುತ್ತದೆ, ಏಕೆಂದರೆ ಎರಡಕ್ಕೂ ಬೇಕಾದ ಅಂಗಗಳು ಅವೇ. ನೀರು ಕುಡಿದೊಡನೆ ಕೆಮ್ಮು ಬರುತ್ತಿದ್ದರೆ, ಕುಡಿದ ಬಳಿಕ ದನಿ ಒದ್ದೆಯಾದಂತೆ ಕೇಳಿಸುತ್ತಿದ್ದರೆ, ಅದನ್ನು ವೈದ್ಯರಿಗೆ ಆ ದಿನವೇ ತಿಳಿಸತಕ್ಕದ್ದು. ಶ್ವಾಸನಾಳಕ್ಕೆ ಇಳಿದ ನೀರು ನ್ಯುಮೋನಿಯಾಕ್ಕೆ ದಾರಿ. ಇನ್ನು ಕೆಲವರಲ್ಲಿ ದುಃಖವಿಲ್ಲದೆ ಅಳುವೂ ಹರ್ಷವಿಲ್ಲದೆ ನಗುವೂ ಹಿಡಿತ ಮೀರಿ ಬರುವುದುಂಟು. ಸಾವಿನ ಮನೆಯಲ್ಲಿ ನಕ್ಕವಳೆಂಬ ಅಪವಾದವನ್ನು ಹೊತ್ತ ಒಬ್ಬ ತಾಯಿಯ ಕಥೆಯನ್ನು ಕೇಳಿ ನನಗೆ ಹಲವು ದಿನ ಸಮಾಧಾನವಿರಲಿಲ್ಲ. ಆ ನಗುವಿಗೂ ಅವಳ ಮನಸ್ಸಿಗೂ ಸಂಬಂಧವಿರಲಿಲ್ಲವೆಂದು ಹೇಳಬಲ್ಲವರು ಆ ಊರಿನಲ್ಲಿ ಯಾರೂ ಇರಲಿಲ್ಲ.

ಧ್ವನಿಯ ಪ್ರಸಂಗದಲ್ಲಿ ಅಮೆರಿಕದ ಬಾರ್ಬರಾ ಜಾರ್ಡನ್ ಅವರನ್ನು ಸ್ಮರಿಸದೆ ಇರಲಾರೆ. 1936ರಲ್ಲಿ ಟೆಕ್ಸಸ್ ಪ್ರಾಂತ್ಯದ ಹ್ಯೂಸ್ಟನ್ನಿನಲ್ಲಿ ಹುಟ್ಟಿ, ವರ್ಣಭೇದದ ಗೋಡೆಗಳನ್ನು ಒಂದೊಂದಾಗಿ ದಾಟಿ, 1972ರ ಚುನಾವಣೆಯಲ್ಲಿ ಗೆದ್ದು ಅಮೆರಿಕದ ಪ್ರತಿನಿಧಿ ಸಭೆಯನ್ನು ಪ್ರವೇಶಿಸಿದ ಆ ಮಹಿಳೆಗೆ ಈ ರೋಗವಿದೆಯೆಂದು ತಿಳಿದದ್ದು 1973ರಲ್ಲಿ. ಮರುವರ್ಷ ಜುಲೈ 25ರಂದು, ಅಧ್ಯಕ್ಷ ನಿಕ್ಸನ್ ಅವರ ಮೇಲಿನ ದೋಷಾರೋಪಣೆಯನ್ನು ವಿಚಾರಿಸುತ್ತಿದ್ದ ನ್ಯಾಯಸಮಿತಿಯಲ್ಲಿ ಅವರು ತಮ್ಮ ದೇಶದ ಸಂವಿಧಾನವನ್ನು ಕುರಿತು ಆಡಿದ ಮಾತನ್ನು ದೂರದರ್ಶನದಲ್ಲಿ ಇಡೀ ರಾಷ್ಟ್ರ ಆಲಿಸಿತು. ಮಂದ್ರಗಂಭೀರವಾದ ಕಂಠ, ಒಂದೊಂದು ಅಕ್ಷರವನ್ನೂ ಅದರ ಪೂರ್ಣ ಬೆಲೆ ಕೊಟ್ಟು ನುಡಿಯುವ ಧಾಟಿ. 1976ರಲ್ಲಿ ನ್ಯೂಯಾರ್ಕಿನಲ್ಲಿ ಸೇರಿದ ಡೆಮಾಕ್ರಟಿಕ್ ಪಕ್ಷದ ಮಹಾಧಿವೇಶನದಲ್ಲಿ ಅವರ ಪ್ರಧಾನ ಭಾಷಣ. 1979ರಿಂದ ರಾಜಕೀಯವನ್ನು ಬಿಟ್ಟು ಆಸ್ಟಿನ್ನಿನ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪನ. ಕಾಲುಗಳು ಸೋತು ಊರುಗೋಲು ಬಂದಿತು, ಊರುಗೋಲು ಹೋಗಿ ಗಾಲಿಕುರ್ಚಿ ಬಂದಿತು. 1992ರಲ್ಲಿ ಅದೇ ಪಕ್ಷದ ಅಧಿವೇಶನದಲ್ಲಿ ಗಾಲಿಕುರ್ಚಿಯಲ್ಲಿ ಕುಳಿತೇ ಅವರು ಮಾತನಾಡಿದಾಗ ಆ ಕಂಠ ಕಂಠವಾಗಿಯೇ ಉಳಿದಿತ್ತು. 1996ರಲ್ಲಿ ಅವರು ತೀರಿಕೊಂಡರು.

ಈ ಉದಾಹರಣೆಯನ್ನು ಕೇಳಿದೊಡನೆ, ಮನೋಬಲವಿದ್ದರೆ ಏನು ತಾನೆ ಅಸಾಧ್ಯವೆಂದು ಹೇಳುವವರು ಇದ್ದೇ ಇರುತ್ತಾರೆ. ಅವರ ಮಾತನ್ನು ನಾನು ಬಲವಾಗಿ ಪ್ರತಿಭಟಿಸುತ್ತೇನೆ. ಬಾರ್ಬರಾ ಜಾರ್ಡನ್ ಅವರ ಮನೋಬಲ ಅಸಾಧಾರಣವಾದದ್ದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅವರ ಕಾಲಿಗೆ ತಗುಲಿದ್ದು ಕಂಠಕ್ಕೆ ತಗುಲಲಿಲ್ಲವೆಂಬುದು ಕಲೆ ಬಿದ್ದ ಸ್ಥಾನದಿಂದ ಆದದ್ದು. ಅದೇ 1973ರಲ್ಲಿ ಇದೇ ರೋಗವೆಂದು ಗೊತ್ತಾದ ಇಂಗ್ಲೆಂಡಿನ ಚೆಲ್ಲೋ ವಾದಕಿ ಜಾಕ್ಲೀನ್ ದ್ಯು ಪ್ರೇ ಅವರಲ್ಲಿ ಅದು ಬೆರಳ ತುದಿಯ ಸ್ಪರ್ಶವನ್ನು ಅಪಹರಿಸಿತು. ಇಪ್ಪತ್ತನೆಯ ವಯಸ್ಸಿಗೇ ಸಂಗೀತರಚಕ ಎಲ್ಗರನ ಚೆಲ್ಲೋ ಕಾನ್ಚೆರ್ಟೋವನ್ನು ಧ್ವನಿಮುದ್ರಿಸಿ ಲೋಕವನ್ನು ಬೆರಗುಗೊಳಿಸಿದ್ದ ಆಕೆ ಇಪ್ಪತ್ತೆಂಟಕ್ಕೆ ವಾದನವನ್ನು ನಿಲ್ಲಿಸಬೇಕಾಯಿತು, ನಲವತ್ತೆರಡಕ್ಕೆ ಅಗಲಿದರು. ಆಕೆಗೆ ಮನೋಬಲ ಸಾಲದೆ ಹೋಯಿತೆಂದು ಯಾರು ಹೇಳಬಲ್ಲರು? ರೋಗಿಯ ಕೊರತೆಯನ್ನು ಅವನ ಸಂಕಲ್ಪದ ಕೊರತೆಯೆಂದು ಬಗೆಯುವುದು ನಮ್ಮಲ್ಲಿ ಸದುದ್ದೇಶದಿಂದಲೇ ನಡೆಯುವ ಒಂದು ಕ್ರೌರ್ಯ.

ಇನ್ನು ಚಿಕಿತ್ಸೆಯ ವಿಷಯ. ರೋಗದ ಆಕ್ರಮಣಗಳನ್ನು ಕಡಮೆ ಮಾಡುವ ಮೊದಲ ಔಷಧಕ್ಕೆ ಅಮೆರಿಕದಲ್ಲಿ ಮನ್ನಣೆ ದೊರೆತದ್ದು 1993ರಲ್ಲಿ. ಅಂದಿನಿಂದ ಚುಚ್ಚುಮದ್ದು, ಮಾತ್ರೆ, ಆರು ತಿಂಗಳಿಗೊಮ್ಮೆ ರಕ್ತನಾಳಕ್ಕೆ ಹನಿಸುವ ಔಷಧ ಹೀಗೆ ಹಲವು ಬಂದಿವೆ. ಅವುಗಳ ಬೆಲೆ ಮಧ್ಯಮವರ್ಗದವರನ್ನೂ ಅಲ್ಲಾಡಿಸುವಂತಿದೆ. ಅವು ಮುಂದಿನ ಹಾನಿಯನ್ನು ತಡೆಯುತ್ತವೆ. ಆದ ಹಾನಿಯನ್ನು ಬಹುಮಟ್ಟಿಗೆ ತುಂಬಲಾರವು. ಉಳಿದ ದನಿಯನ್ನು ಮಿತವ್ಯಯದಿಂದ ಬಳಸುವ ಉಪಾಯವನ್ನು ಕಲಿಸುವುದು ನಮ್ಮ ಕೆಲಸ. ನೆಟ್ಟಗೆ ಕುಳಿತು, ಒಂದು ಉಸಿರಿಗೆ ನಾಲ್ಕೈದು ಶಬ್ದಗಳೆಂದು ವಾಕ್ಯವನ್ನು ತುಂಡರಿಸಿ, ಕೊನೆಯ ಶಬ್ದಕ್ಕಾಗಿ ಉಸಿರನ್ನು ಉಳಿಸಿಕೊಂಡು ಮಾತನಾಡುವುದು. ಮುಖ್ಯವಾದ ಮಾತುಕತೆಯನ್ನು ಬೆಳಗಿನ ಹೊತ್ತಿಗೆ ಇಟ್ಟುಕೊಳ್ಳುವುದು. ಟೀವಿಯನ್ನು ನಿಲ್ಲಿಸಿ ಮಾತು ಆರಂಭಿಸುವುದು. ಹಿಂದೆ ಹೇಳಿದ ಉಪಾಧ್ಯಾಯಿನಿಯವರು ಇದಕ್ಕೆ ತಮ್ಮದೇ ಒಂದು ಉಪಾಯವನ್ನು ಸೇರಿಸಿದರು. ವಾಕ್ಯದ ಕಡೆ ಕೈಕೊಡುವುದಾದರೆ ಹೌದು ಇಲ್ಲವೆಂಬುದನ್ನು ಮೊದಲಿಗೇ ಏಕೆ ತರಬಾರದು ಎಂದುಕೊಂಡು ಅವರು ‘ಇಲ್ಲ ಅತ್ತೆ, ತೊಗೊಂಡಿಲ್ಲ’, ‘ಹೂಂ ರೀ, ಬರ್ತೀನಿ’ ಎಂದು ನುಡಿಯತೊಡಗಿದರು. ಕನ್ನಡ ಇದಕ್ಕೆ ಅಡ್ಡಿ ಮಾಡುವುದಿಲ್ಲ. ನಾನು ಆ ಕ್ರಮವನ್ನು ಅವರಿಂದ ಕಲಿತು ಬಳಿಕ ಬಂದವರಿಗೆಲ್ಲ ಕಲಿಸಿದೆ. ಸೊಂಟಕ್ಕೆ ಕಟ್ಟಿಕೊಳ್ಳುವ ಸಣ್ಣ ಧ್ವನಿವರ್ಧಕವೊಂದು ಅವರನ್ನು ತರಗತಿಗೆ ಮರಳಿಸಿತು. ಅಡಿಗೆಮನೆಯ ಬಾಗಿಲಿಗೆ ಕರೆಗಂಟೆಯೊಂದು ಬಂದಿತು.

ಕೇಳುವವರ ಪಾಲಿನ ಕೆಲಸ ಇದಕ್ಕಿಂತ ಹೆಚ್ಚಿನದು. ರೋಗಿಗಳು ತಡವರಿಸಿದಾಗ ಶಬ್ದವನ್ನು ನಾವೇ ಹೇಳಿ ಪೂರೈಸುವುದನ್ನು ಸಹಾಯವೆಂದು ನಾವು ಭಾವಿಸುತ್ತೇವೆ. ಹತ್ತು ಸಲ ಹೀಗಾದ ಮೇಲೆ ಅವರು ಹೇಳಬೇಕೆಂದಿದ್ದನ್ನು ಬಿಟ್ಟು ನಾವು ಊಹಿಸಿದ್ದಕ್ಕೆ ತಲೆಯಾಡಿಸಿ ಸುಮ್ಮನಾಗುತ್ತಾರೆ. ಈ ರೋಗದಲ್ಲಿ ಅರ್ಥಗ್ರಹಣದ ವೇಗವೂ ಶಬ್ದ ನೆನಪಿಗೆ ಬರುವ ವೇಗವೂ ಕೆಲವರಲ್ಲಿ ತಗ್ಗುವುದುಂಟು. ತಗ್ಗಿದ್ದು ವೇಗ, ಬುದ್ಧಿಯಲ್ಲ. ನಾಲ್ಕು ಜನ ಒಟ್ಟಿಗೆ ಮಾತನಾಡುವ ಊಟದ ಪಂಕ್ತಿಯಲ್ಲಿ ಅವರು ಮೂಕರಾಗುವುದಕ್ಕೆ ಹೇಳುವುದೇನೂ ಇಲ್ಲವೆಂಬುದು ಕಾರಣವಲ್ಲ. ತಮ್ಮ ಮಾತು ಸಿದ್ಧವಾಗುವಷ್ಟರಲ್ಲಿ ವಿಷಯ ಮುಂದೆ ಹೋಗಿರುತ್ತದೆ. ಅರ್ಥವಾಗದಿದ್ದರೆ ಅರ್ಥವಾದಂತೆ ನಟಿಸದೆ, ಯಾವ ಭಾಗ ಕೇಳಿಸಿತೆಂಬುದನ್ನು ಹೇಳಿ ಉಳಿದದ್ದನ್ನು ಮತ್ತೊಮ್ಮೆ ಕೇಳಬೇಕು. ಜೊತೆಯಲ್ಲಿ ಬಂದವರ ಮುಖ ನೋಡಿ ‘ಇವರಿಗೆ ಏನು ಬೇಕಂತೆ?’ ಎಂದು ವಿಚಾರಿಸುವ ಪದ್ಧತಿಯನ್ನು ನಮ್ಮ ಕಛೇರಿಗಳೂ ಆಸ್ಪತ್ರೆಗಳೂ ಬಿಡಬೇಕು.

ಸರ್ಕಾರದ ಕಡೆಯಿಂದ ಆದದ್ದೊಂದನ್ನು ಸಂತೋಷದಿಂದ ಹೇಳಬಹುದು. 1995ರ ಅಂಗವಿಕಲರ ಕಾಯಿದೆಯಲ್ಲಿ ಏಳು ಬಗೆಯ ವೈಕಲ್ಯಗಳಷ್ಟೇ ಇದ್ದವು, ಈ ರೋಗ ಅದರೊಳಗೆ ಇರಲಿಲ್ಲ. 2016ರ ಕಾಯಿದೆ ಅವನ್ನು 21ಕ್ಕೆ ಏರಿಸಿ, ಮಲ್ಟಿಪಲ್ ಸ್ಕ್ಲೆರೋಸಿಸನ್ನೂ, ಬೇರೆಯಾಗಿ ವಾಕ್ ಮತ್ತು ಭಾಷೆಯ ವೈಕಲ್ಯವನ್ನೂ ಪಟ್ಟಿಗೆ ಸೇರಿಸಿತು. ಬೆಂಗಳೂರಿನಲ್ಲಿ ನರರೋಗಗಳ ಆಸ್ಪತ್ರೆಯಾದ ನಿಮ್ಹಾನ್ಸ್ ಇದೆ. ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ನಾಡಿನ ಪುಣ್ಯವೆಂದೇ ಇದನ್ನು ಎಣಿಸಬೇಕು. ಆದರೂ ಈ ರೋಗಿಗಳು ವಾಕ್ಚಿಕಿತ್ಸಕರ ಬಳಿಗೆ ಬರುವುದು ಮಾತು ಪೂರ್ತಿ ಕೆಟ್ಟ ಮೇಲೆ. ದನಿ ಸ್ವಲ್ಪ ಸಣ್ಣದಾಯಿತೆಂದು ತೋರಿದಾಗಲೇ ಬರಬೇಕು. ಮುಂದೆ ಮಾತು ಕೆಟ್ಟರೂ ತಮ್ಮ ದನಿ ಉಳಿದಿರಲೆಂದು, ದನಿ ಇನ್ನೂ ಚೆನ್ನಾಗಿರುವಾಗ ಅದನ್ನು ಮುದ್ರಿಸಿಟ್ಟುಕೊಳ್ಳುವುದಕ್ಕೆ ಈಗ ಮೊಬೈಲೊಂದೇ ಸಾಕು: ಬೆಳಗಿನ ಹೊತ್ತು, ಫ್ಯಾನು ನಿಲ್ಲಿಸಿದ ಕೋಣೆ, ಬಾಯಿಯಿಂದ ಒಂದು ಗೇಣು ದೂರ, ದಿನಕ್ಕೆ ಹತ್ತು ನಿಮಿಷ ಸುಮ್ಮನೆ ಓದುವುದು, ಮನೆಮಾತು ಆಡುವುದು, ಮಕ್ಕಳನ್ನು ಗದರಿಸುವುದು ಸಹ. ಮುಂದೆ ಬೇಕಾಗದೆ ಹೋದರೆ ಒಳ್ಳೆಯದೇ ಆಯಿತು.

ಪ್ರಶ್ನೆಗಳಿಗೆ ಅರ್ಧ ಗಂಟೆಯ ಅವಕಾಶವಿದೆಯೆಂದು ಅಧ್ಯಕ್ಷರು ತಿಳಿಸಿದ್ದಾರೆ. ಸಭೆಯಲ್ಲಿ ಎಂ.ಎಸ್. ಇರುವವರು ಯಾರಾದರೂ ಬಂದಿದ್ದರೆ ಮೊದಲನೆಯ ಪ್ರಶ್ನೆ ಅವರದಾಗಲಿ. ಕುಳಿತಲ್ಲಿಂದಲೇ ಕೇಳಬಹುದು, ಮೈಕು ಅವರಲ್ಲಿಗೆ ಬರುತ್ತದೆ. ಫ್ಯಾನುಗಳನ್ನು ಐದು ನಿಮಿಷ ನಿಲ್ಲಿಸುವಂತೆ ಕಾರ್ಯಕರ್ತರನ್ನು ಕೇಳಿಕೊಂಡಿದ್ದೇನೆ.